ಬೀರುವಿನ ಹಿಂದಿನ ಬೋರ್ಡು

ಪೊಲೀಸರು ಬಂದಾಗ ಬೋರ್ಡಣ್ಣ ಮಗಳ ಹೆಸರಿನ ಅರ್ಧದಲ್ಲಿದ್ದ.

ಊರಿನ ಮುಕ್ಕಾಲು ಅಂಗಡಿಗಳ ಹೆಸರು ಬರೆದವನು ಅವನೇ. ಅಷ್ಟು ಜನರ ಹೆಸರು ಬರೆದ ಪುಣ್ಯಕ್ಕೆ ಅವನ ಸ್ವಂತ ಹೆಸರೇ ಜನರಿಗೆ ಮರೆತುಹೋಗಿತ್ತು. ಆದರೆ ಈ ಬೋರ್ಡಿನ ಗತ್ತೇ ಬೇರೆ. ಮಗಳು ವಕೀಲೆಯಾಗಿ ಮನೆಯ ಮುಂಕೋಣೆಯಲ್ಲಿ ಮೇಜು ಹಾಕಿಕೊಂಡು ಮೂರು ತಿಂಗಳಾಗಿತ್ತು. ಇಷ್ಟರಲ್ಲಿ ಒಳಗೆ ಬಂದವರೆಂದರೆ ವಿಳಾಸ ಕೇಳಿದ ಇಬ್ಬರು ಮತ್ತು ಪಕ್ಕದ ಮನೆಯ ಬೆಕ್ಕು. ಹುಡುಗಿ ಬಲು ಚುರುಕು, ಆದರೆ ದೊಡ್ಡವರ ಮುಂದೆ ನಿಂತರೆ ಬಾಯಿಗೆ ಬೀಗ ಬೀಳುತ್ತಿತ್ತು. ಮೊದಲ ಸಲ ನ್ಯಾಯಾಧೀಶರ ಎದುರು ಎದ್ದವಳು ‘ಸ್ವಾಮೀ’ ಎಂದಷ್ಟೇ ಹೇಳಿ ಕೂತುಬಿಟ್ಟಿದ್ದಳು.

“ಈ ತಿಂಗಳು ನೋಡ್ತೀನಪ್ಪ. ಯಾರೂ ಬರಲಿಲ್ಲ ಅಂದ್ರೆ ಕೋಟು ಮಡಚಿಟ್ಟು ಮಾವನ ಸಿಮೆಂಟ್ ಅಂಗಡೀಲಿ ಕೂತ್ಕೋತೀನಿ,” ಎಂದಿದ್ದಳು.

ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿತ್ತು. ಒಳ್ಳೆಯ ಬೋರ್ಡು ಹಾಕಿದರೆ ಜನ ಬಂದೇ ಬರುತ್ತಾರೆ ಎಂದು ಬೋರ್ಡಣ್ಣನ ನಂಬಿಕೆ. ಬೋರ್ಡು ಬರೆಯುವವನು ಇನ್ನೇನು ತಾನೇ ನಂಬಬೇಕು?

ಜೀಪಿನಿಂದಿಳಿದ ಪೇದೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. “ಈ ಏಣಿ ನಿಂದಾ?”

“ಅಯ್ಯೋ, ನಂದೇ ಸರ್!” ಬೋರ್ಡಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. “ಸಿಕ್ತಾ?”

“ಸಿಕ್ತು. ಜೊತೆಗೆ ನೀನೂ ಸಿಕ್ಕಿದೆ. ಜೀಪು ಹತ್ತು.”

ಹಿಂದಿನ ರಾತ್ರಿ ವಾಚಿನ ಅಂಗಡಿಗೆ ಕಳ್ಳರು ನುಗ್ಗಿದ್ದರಂತೆ. ಹಿಂಬದಿ ಕಿಟಕಿಗೆ ಒರಗಿಸಿದ್ದ ಏಣಿಯ ಮೇಲೆ ದೊಡ್ಡದಾಗಿ, ಅಂದವಾಗಿ ‘ಬೋರ್ಡಣ್ಣ’ ಎಂದು ಬರೆದಿತ್ತು. ಕದಿಯಲು ಹೋಗುವವನು ಹೆಸರು ಬರೆದ ಏಣಿ ಬಿಟ್ಟುಬರುತ್ತಾನೆಯೇ ಎಂದು ಯಾರೂ ತಲೆಕೆಡಿಸಿಕೊಂಡಂತಿರಲಿಲ್ಲ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಹೊಸಬರು, ಬಂದು ಏಳೇ ವಾರ. ಕಾಗದಪತ್ರ ನೋಡಿಕೊಳ್ಳುವ ರೈಟರ್ ಮಾತ್ರ ಹಳೇ ಹುಲಿ. ಬಾಗಿಲ ಬಳಿಯ ಬೆಂಚಿನಲ್ಲಿ ಒಬ್ಬ ಅಜ್ಜಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಸರ್, ಏಣಿ ಕಳುವಾಗಿದೆ ಅಂತ ಸೋಮವಾರವೇ ಇಲ್ಲಿ ದೂರು ಕೊಟ್ಟಿದ್ದೀನಿ,” ಎಂದ ಬೋರ್ಡಣ್ಣ. “ಇವರೇ ಸೀಲು ಒತ್ತಿ ಆ ಬೀರುವಿನ ಮೇಲಿಟ್ರು.”

ರೈಟರ್ ಎದ್ದು ಬೀರುವಿನ ಮೇಲೆ ಕೈಯಾಡಿಸಿ, ಧೂಳು ಕೊಡವಿಕೊಂಡ. “ಏನೂ ಇಲ್ಲ. ಕಥೆ ಕಟ್ಟಬೇಡ.” ಆಮೇಲೆ ದನಿ ತಗ್ಗಿಸಿ ಒಂದು ಬಿಳಿ ಹಾಳೆ ಮುಂದೆ ತಳ್ಳಿದ. “ಇಲ್ಲಿ ಕೆಳಗಡೆ ಸೈನ್ ಹಾಕು. ಮಿಕ್ಕಿದ್ದು ನಾನು ಬರ್ಕೋತೀನಿ. ಮಧ್ಯಾಹ್ನದೊಳಗೆ ಮನೇಲಿರ್ತೀಯ.”

ಬೋರ್ಡಣ್ಣನಿಗೆ ಆಸೆಯಾಗದೇ ಇರಲಿಲ್ಲ. ಮನೆಯಲ್ಲಿ ಬಣ್ಣದ ಡಬ್ಬಿ ಬಾಯಿ ತೆರೆದುಕೊಂಡು ಒಣಗುತ್ತಿತ್ತು. ಪೆನ್ನನ್ನೂ ಎತ್ತಿಕೊಂಡ. ಆದರೆ ಖಾಲಿ ಹಾಳೆ ನೋಡಿ ಕೈ ಮುಂದೆ ಹೋಗಲಿಲ್ಲ.

“ಬರೆಯದೇ ಇರೋ ಬೋರ್ಡಿನ ಕೆಳಗೆ ನಾನು ಯಾವತ್ತೂ ಸಹಿ ಹಾಕಿಲ್ಲ ಸಾರ್. ಅಲ್ಲದೆ ಒತ್ತಾಯದ ಸಹಿ ತಗೋಬಾರದು ಅಂತ ನಿಮ್ಮ ಗೋಡೆ ಮೇಲೇ ಇದೆ, ಐದನೇ ಸಾಲು. ಮನೆಯವರಿಗೆ ತಿಳಿಸಬೇಕು, ಅದು ಮೂರನೇ ಸಾಲು. ವಕೀಲರನ್ನ ಕಾಣೋಕೆ ಬಿಡಬೇಕು, ಅದು ನಾಲ್ಕು.”

ರೈಟರ್ ಸುತ್ತಲೂ ನೋಡಿದ. ಗೋಡೆಯ ಮೇಲೆ ಇದ್ದದ್ದು ಗಡಿಯಾರ ಮತ್ತು ಒಂದು ಹಲ್ಲಿ. “ಯಾವ ಗೋಡೆ?”

“ಬೀರುವಿನ ಹಿಂದೆ. ಎಂಟು ವರ್ಷದ ಹಿಂದೆ ನಾನೇ ಬರೆದದ್ದು.”

ಇನ್ಸ್‌ಪೆಕ್ಟರ್ ಕಡತದಿಂದ ತಲೆ ಎತ್ತಿದರು. ಅವರ ಮೀಸೆಯ ತುದಿಯಲ್ಲಿ ಒಂದಿಷ್ಟು ನಗು ಇತ್ತು. “ಫೋನ್ ಕೊಡ್ರೀ ಅವನಿಗೆ. ಮನೆಗೊಂದು, ವಕೀಲರಿಗೊಂದು.”

“ಎರಡೂ ಒಂದೇ ನಂಬರ್ ಸರ್,” ಎಂದ ಬೋರ್ಡಣ್ಣ ಹೆಮ್ಮೆಯಿಂದ. “ನಿಮಗೊಂದು ಕಾಲ್ ಉಳೀತು.”

ಅರ್ಧ ಗಂಟೆಯಲ್ಲಿ ಮಗಳು ಬಂದಳು. ಕರಿ ಕೋಟಿನ ಗುಂಡಿ ಮೇಲೆ ಕೆಳಗಾಗಿತ್ತು, ಹಣೆಯಲ್ಲಿ ಬೆವರು. ಅಪ್ಪನನ್ನು ನೋಡಿ ಕಣ್ಣು ತುಂಬಿತು. ಇನ್ಸ್‌ಪೆಕ್ಟರ್ ಮುಂದೆ ನಿಂತು, “ಸರ್…” ಎಂದಳು. ಅಷ್ಟಕ್ಕೇ ನಿಂತುಹೋಯಿತು. ರೈಟರ್ ಕಿಸಕ್ಕೆಂದ. ತನ್ನ ಏಣಿ ಹೋದರೆ ಹೋಗಲಿ, ಇವತ್ತು ಇವಳು ಹೀಗೇ ಕೂತುಬಿಟ್ಟರೆ ಸಿಮೆಂಟ್ ಅಂಗಡಿಯೇ ಗತಿ ಎಂದು ಬೋರ್ಡಣ್ಣನಿಗೆ ಗೊತ್ತಿತ್ತು.

ಅವಳ ಕಣ್ಣು ಬೀರುವಿನ ಮೇಲೆ ಬಿತ್ತು. ಹೈಸ್ಕೂಲಿನ ರಜೆಯಲ್ಲಿ ಅಪ್ಪನಿಗೆ ಬುತ್ತಿ ತಂದಿದ್ದ ಅವಳು, ಇದೇ ಕೋಣೆಯಲ್ಲಿ ನಿಂತು, ಅವನು ಬರೆದ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದ್ದಳು. “ಇದೆಲ್ಲ ನಿಜವಾಗ್ಲೂ ಮಾಡ್ತಾರಾ ಅಪ್ಪ?” ಎಂದು ಕೇಳಿದ್ದಳು. “ನೀನು ದೊಡ್ಡವಳಾಗಿ ನೋಡು,” ಎಂದಿದ್ದ ಅವನು.

“ಸರ್, ಇಲ್ಲೊಂದು ಬೋರ್ಡಿತ್ತು,” ಎಂದಳು ಸಣ್ಣ ದನಿಯಲ್ಲಿ. “ಬೀರು ಸರಿಸ್ತೀರಾ?”

ನಾಲ್ಕು ಪೇದೆಗಳು ಕೈ ಹಾಕಿದರು. ಬೀರು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಆರೋಪಿಯೇ ತೋಳು ಮಡಚಿ ಭುಜ ಕೊಟ್ಟ. ಕಿರ್ರೆಂದು ಬೀರು ಮೂರಡಿ ಸರಿಯಿತು. ಧೂಳೆದ್ದು ಎಲ್ಲರೂ ಸೀನಿದರು. ಸೀನು ನಿಂತ ಮೇಲೆ ನೋಡಿದರೆ, ಬಿಸಿಲು ಕಾಣದ ಗೋಡೆಯ ಮೇಲೆ ಬೋರ್ಡು ನಿನ್ನೆ ಬರೆದಷ್ಟು ಹೊಸದಾಗಿತ್ತು. ನೀಲಿಯ ಮೇಲೆ ಬಿಳಿ ಅಕ್ಷರ, ಮೂಲೆಯಲ್ಲಿ ಅವನದೇ ಸಹಿ.

ಮಗಳು ಓದತೊಡಗಿದಳು. ಹಿಡಿದದ್ದೇಕೆಂದು ಬಂಧಿತನಿಗೆ ಹೇಳಬೇಕು. ಹಿಡಿದ ಹೊತ್ತು ಬರೆದು ಸಾಕ್ಷಿಯ ಸಹಿ ಪಡೆಯಬೇಕು. ಮೊದಲ ಸಾಲಿನಲ್ಲಿ ನಡುಗುತ್ತಿದ್ದ ದನಿ ಮೂರನೆಯದಕ್ಕೆ ನೆಟ್ಟಗಾಯಿತು. ನಾಲ್ಕನೆಯದಕ್ಕೆ ಹೊರಗೆ ಚಹಾ ಕುಡಿಯುತ್ತಿದ್ದವರೂ ಒಳಗೆ ಇಣುಕಿದರು.

“ಐದನೇದು ಓದು, ಖಾಲಿ ಹಾಳೆ…” ಎಂದು ಬೋರ್ಡಣ್ಣ ಬಾಯಿ ಹಾಕಿದ.

“ಅಪ್ಪ, ನೀನು ಸುಮ್ನಿರು. ನಿನ್ನ ಪರವಾಗಿ ಮಾತಾಡೋಕೆ ವಕೀಲರು ಬಂದಿದ್ದಾರೆ.”

ಬೋರ್ಡಣ್ಣ ತಟ್ಟನೆ ಬಾಯಿ ಮುಚ್ಚಿದ. ಹುಟ್ಟಿದಾಗಿನಿಂದ ಇಷ್ಟು ಖುಷಿಯಾಗಿ ಅವನು ಯಾರ ಮಾತಿಗೂ ಬಾಯಿ ಮುಚ್ಚಿರಲಿಲ್ಲ.

“ಸರ್, ನನ್ನ ಕಕ್ಷಿದಾರರನ್ನ ಎಷ್ಟು ಹೊತ್ತಿಗೆ ಹಿಡಿದ್ರಿ ಅಂತ ಎಲ್ಲಿ ಬರೆದಿದೆ? ಸಾಕ್ಷಿ ಯಾರು? ಈ ಬಿಳಿ ಹಾಳೆ ಯಾತಕ್ಕೆ?”

ಇನ್ಸ್‌ಪೆಕ್ಟರ್ ರೈಟರನ್ನು ನೋಡಿದರು. ರೈಟರ್ ಇಂಗು ತಿಂದ ಮಂಗನಂತಾಗಿ ಹಲ್ಲಿಯನ್ನು ನೋಡಿದ.

ಅಷ್ಟರಲ್ಲಿ ಬೆಂಚಿನ ಅಜ್ಜಿ ಬಗ್ಗಿ, ಫ್ಯಾನಿನ ಗಾಳಿಗೆ ಕಾಲ ಬಳಿ ಹಾರಿಬಂದ ಒಂದು ಕಾಗದ ಎತ್ತಿಕೊಂಡಳು. “ಬೀರುವಿನ ಹಿಂದಿನಿಂದ ಬಂತಪ್ಪ. ಯಾರದ್ದು ನೋಡಿ.”

ಏಣಿ ಕಳುವಾದ ದೂರು. ಸೋಮವಾರದ ತಾರೀಖು, ಠಾಣೆಯ ಸೀಲು, ಸೀಲಿನ ಮೇಲೆ ರೈಟರನ ಗೀಚು ಸಹಿ. ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದರು.

“ಏಣಿ ಕದ್ದವನೇ ಅಂಗಡಿಗೂ ನುಗ್ಗಿದ್ದಾನೆ. ತಪ್ಪಾಯ್ತು ಬೋರ್ಡಣ್ಣನವರೇ, ನೀವು ಹೊರಡಿ.” ಆಮೇಲೆ ರೈಟರನತ್ತ ತಿರುಗಿದರು. “ಆ ಬೀರು ಇನ್ನು ಸರಿಸಿದ ಜಾಗದಲ್ಲೇ ಇರ್ಲಿ. ನಾಳೆ ಬೆಳಿಗ್ಗೆ ನೀವೂ ಈ ಬೋರ್ಡು ನಿಂತು ಓದಿ. ಗಟ್ಟಿಯಾಗಿ.”

ತಂದೆ ಮಗಳು ಮೆಟ್ಟಿಲಿಳಿದು ರಸ್ತೆಗೆ ಬಂದರು. ಮಗಳಿಗೆ ಅಳುವೂ ನಗುವೂ ಒಟ್ಟಿಗೇ ಬರುತ್ತಿತ್ತು. “ನಾನು ಮಾತಾಡಿದೆ ಅಲ್ವಾ ಅಪ್ಪ?” ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಅವನು ಹೌದೆಂದ.

ಹಿಂದಿನಿಂದ ಚಪ್ಪಲಿಯ ಸದ್ದು. ಅಜ್ಜಿ ಏದುಸಿರು ಬಿಡುತ್ತಾ ಬಂದಳು. “ಮಗಾ, ನನ್ನ ಮೊಮ್ಮಗನ್ನ ನಿನ್ನೆ ಬೆಳಿಗ್ಗೆ ಕರ್ಕೊಂಡು ಬಂದ್ರು. ಯಾಕೆ ಅಂತ ಯಾರೂ ಹೇಳಿಲ್ಲ. ನೀನು ಓದಿದ್ಯಲ್ಲ, ಆ ಮೊದಲನೇ ಸಾಲು… ಅದು ಅವನಿಗೂ ಆಗುತ್ತಾ?”

ಮಗಳು ಕಣ್ಣೊರೆಸಿಕೊಂಡಳು. ಕೋಟಿನ ಗುಂಡಿ ಬಿಚ್ಚಿ, ಸರಿಯಾಗಿ ಹಾಕಿಕೊಂಡಳು. “ಆಗುತ್ತೆ ಅಜ್ಜಿ. ಬನ್ನಿ.”

ಮೆಟ್ಟಿಲು ಹತ್ತುವಾಗ ಅವಳು ಹಿಂದಿರುಗಿ ನೋಡಲಿಲ್ಲ. ಬೋರ್ಡಣ್ಣ ಬಾಗಿಲನ್ನೇ ನೋಡುತ್ತಾ ಒಂದು ಕ್ಷಣ ನಿಂತ. ಒಳಗಿನಿಂದ ಅವಳ ದನಿ ರಸ್ತೆಯವರೆಗೂ ಕೇಳಿಸುತ್ತಿತ್ತು. ಅವಳ ಮಾವನಿಗೆ ಸಿಮೆಂಟ್ ಅಂಗಡಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಲು ಹೇಳಬೇಕು ಎಂದುಕೊಂಡು ಅವನು ಮನೆಯತ್ತ ಬಿರಬಿರನೆ ನಡೆದ. ಬಣ್ಣ ಒಣಗುವ ಮೊದಲು ಇನ್ನರ್ಧ ಹೆಸರು ಬರೆಯುವುದಿತ್ತು.