ಹಿಮದ ಮೇಲೆ ಊರಿದ ಕೈ

ಬೆಳ್ಳಗಿದೆ, ನಾಲ್ಕು ಗೆಣ್ಣೂ ಬೆಳ್ಳಗಿವೆ, ಹಿಮ ಅಂಟಿದ್ದಲ್ಲ, ಹಿಮದ ಬಿಳುಪು ಬೇರೆ, ಇದು ರಕ್ತ ಇಳಿದುಹೋದ ಬಿಳುಪು — ಡೇಲ್ ಪ್ರುಸಾಕ್ ಅಮೆರಿಕನ್ ಫುಟ್‌ಬಾಲ್ ಮೈದಾನದ ಅಂಚುಗೆರೆಯ ಮೇಲೆ ನಿಂತು ಕನ್ನಡಕವನ್ನು ತೋಳಿಗೆ ಒರೆಸಿಕೊಂಡ, ಮತ್ತೆ ನೋಡಿದ, ಎದುರು ತಂಡದ ಎಪ್ಪತ್ನಾಲ್ಕನೇ ನಂಬರಿನ ದಢೂತಿ ಹುಡುಗ ಬಗ್ಗಿ ಮುಷ್ಟಿಯನ್ನು ನೆಲಕ್ಕೆ ಊರಿದ್ದಾನೆ, ಚೆಂಡು ಅಲುಗಿತು, ಗೂಳಿಯ ಹಾಗೆ ಮುನ್ನುಗ್ಗಿ ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸಿದ, ಓಟ. ಹಿಂದಿನ ಸಲ ಗೆಣ್ಣು ಕೆಂಪಗಿತ್ತು, ಆಗ ಅವನು ಹಿಂದಕ್ಕೆ ಸರಿದು ಚೆಂಡು ಎಸೆಯುವವನಿಗೆ ಗೋಡೆಯಾಗಿ ನಿಂತಿದ್ದ, ಎಸೆತ. ಬಿಳಿಯೆಂದರೆ ಓಟ, ಕೆಂಪೆಂದರೆ ಎಸೆತ, ಮುಂದಕ್ಕೆ ನುಗ್ಗಬೇಕಾದವನು ತನಗೇ ಗೊತ್ತಿಲ್ಲದೆ ಮೈಭಾರವನ್ನೆಲ್ಲ ಕೈಮೇಲೆ ಹಾಕಿಬಿಡುತ್ತಾನೆ, ಮುಂಸಾಲಿನವರ ಹಳೇ ರೋಗ ಇದು, ನೋಡಬಲ್ಲವನಿಗೆ ಚೀಟಿ ಬರೆದು ಕೊಟ್ಟ ಹಾಗೆ, ಮತ್ತೆ ಇದನ್ನು ನೋಡಲು ಡೇಲನಿಗೆ ಕಲಿಸಿದವನು ಯಾರು, ಅಗೋ ಆಚೆ ಗೆರೆಯ ಮೇಲೆ ಮೊಣಕಾಲು ಮಡಚಲಾಗದೆ ಕಂಬದಂತೆ ನಿಂತಿರುವ ಆ ಮುದುಕನೇ, ಆರ್ವಿಡ್ ಲಾಹ್ಟಿ, ಅವನ ತಂಡದವನಿಗೇ ಈ ರೋಗ. ಮುದುಕನಿಗೆ ಕಣ್ಣು ಮಂದವಾಯಿತೇ, ಎಪ್ಪತ್ತೊಂದು ವರ್ಷ, ಆಗಿರಬಹುದು, ಅಯ್ಯೋ ಅನ್ನಿಸಿತು, ಅಯ್ಯೋ ಎಂದ ಉಸಿರಿನಲ್ಲೇ ಒಳಗೆಲ್ಲೋ ಒಂದು ಹಸಿವು ಎದ್ದು ಕೂತಿತು. ಎಂಟು ವರ್ಷದಿಂದ ಡೇಲ್ ಈ ತಂಡದ ಕೋಚು, ಎಂಟು ವರ್ಷವೂ ಲಾಹ್ಟಿಯ ಕೈಲಿ ಸೋಲು, ಇವತ್ತು ಲಾಹ್ಟಿಯ ಕೊನೆಯ ಪಂದ್ಯ, ಸೋಮವಾರದಿಂದ ಅವನು ಬರೀ ಮೀನು ಹಿಡಿಯುವ ಮುದುಕ, ಇವತ್ತು ಗೆಲ್ಲದಿದ್ದರೆ ಆಮೇಲೆ ನೂರು ಗೆದ್ದೂ ಏನು ಉಪಯೋಗ. ಬೆಳಿಗ್ಗೆ ಹೆಂಡತಿ ನೋರೀನ್ ಕಾಫಿ ಬಗ್ಗಿಸುತ್ತ ಹೇಳಿದ್ದಳು, ಸೋತ್ರೆ ಸೋತೆ ಬಿಡು, ಆ ಮನುಷ್ಯ ನಿನಗೆ ಅಪ್ಪನೂ ಅಲ್ಲ ವೈರಿನೂ ಅಲ್ಲ, ಡೇಲ್ ಬೂಟಿನ ದಾರ ಕಟ್ಟುತ್ತ, ಎರಡೂ ಅವನೇ ಕಣೆ, ಅದೇ ತೊಂದರೆ, ಎಂದಿದ್ದ.

ಡೇಲನ ಅಪ್ಪ ಸತ್ತ ವರ್ಷವೇ ಲಾಹ್ಟಿ ಮನೆಗೆ ಬಂದದ್ದು, ಅಮ್ಮ ಮೀನು ಪ್ಯಾಕ್ ಮಾಡುವ ಕೆಲಸದಿಂದ ಆಗಷ್ಟೇ ಬಂದಿದ್ದಳು, ಕೈಯೆಲ್ಲ ಮೀನಿನ ವಾಸನೆ, ಅಡುಗೆಮನೆಯ ಬಾಗಿಲಲ್ಲಿ ಆ ದೇಹ ಹಿಡಿಯಲಿಲ್ಲ, ಅಡ್ಡ ತಿರುಗಿ ಒಳಗೆ ಬಂದ, ಕುರ್ಚಿ ತೋರಿಸಿದರೆ ಬೇಡಮ್ಮ ಪಾಪ ಮುರಿದೀತು ಎಂದು ಮೆಟ್ಟಿಲ ಮೇಲೆ ಕೂತ, ಅಮ್ಮ ಕೊಟ್ಟ ಬಿಸಿ ಪ್ಯಾಸ್ಟಿಯನ್ನು, ಮಾಂಸ ಆಲೂಗಡ್ಡೆ ತುಂಬಿದ್ದು, ಎರಡೇ ತುತ್ತಿಗೆ ಮುಗಿಸಿ ಹೇಳಿದ, ನಿಮ್ಮ ಮಗನಿಗೆ ಓಡೋಕೆ ಬರಲ್ಲ, ಚೆಂಡು ಹಿಡಿಯೋಕೆ ಬರಲ್ಲ, ಎಸೆಯೋಕಂತೂ ಕೇಳಲೇಬೇಡಿ, ನನ್ನ ಕಾಲೇಜಿನ ತಂಡಕ್ಕೆ ಇವನೇ ಬೇಕು. ಅಮ್ಮ, ಮತ್ತೆ ಇವನಿಗೆ ಏನು ಬರುತ್ತೆ ಸಾರ್. ಬಿದ್ದ ತಕ್ಷಣ ಎದ್ದು, ಬೀಳಿಸಿದವನು ಯಾರು ಅಂತ ಹುಡುಕ್ತಾನಮ್ಮ, ಮಿಕ್ಕಿದ್ದು ನಾನು ಕಲಿಸ್ತೀನಿ. ಸಂಬಳದ ಆಟದಲ್ಲಿ ಹನ್ನೊಂದು ವರ್ಷ ಮುಂಸಾಲಿನಲ್ಲಿ ನಿಂತವನು ಅವನು, ಹನ್ನೊಂದು ವರ್ಷದಲ್ಲಿ ಒಂದು ಸಲವೂ ಚೆಂಡು ಮುಟ್ಟಲಿಲ್ಲ, ಜನಕ್ಕೆ ಗೊತ್ತಾಗುವುದು ಎಸೆದವನ ಹೆಸರು, ಓಡಿದವನ ಹೆಸರು, ಸಾಲಿನವನ ನಂಬರು ಧ್ವನಿವರ್ಧಕದಲ್ಲಿ ಕೇಳುವುದು ಅವನು ತಪ್ಪು ಮಾಡಿದಾಗ ಮಾತ್ರ, ಲಾಹ್ಟಿಯ ನಂಬರು ಹನ್ನೊಂದು ವರ್ಷಕ್ಕೆ ಒಂಬತ್ತು ಸಲ ಕೇಳಿಸಿತಂತೆ, ಅದರಲ್ಲಿ ಎರಡು ಸುಳ್ಳು ಎಂದು ಇವತ್ತಿಗೂ ವಾದ ಮಾಡುತ್ತಾನೆ, ಅಂಥ ಮನುಷ್ಯ, ಮೊಣಕಾಲಿಗೆ ನಾಲ್ಕು ಆಪರೇಷನ್, ಎಡಗೈ ಕಿರುಬೆರಳು ಪೂರಾ ಅಡ್ಡಕ್ಕೆ ತಿರುಗಿಕೊಂಡಿದೆ, ಸೌನಾದ ಬಿಸಿಹಬೆಯ ಕೋಣೆಯಲ್ಲಿ ಬರಿಮೈಯಲ್ಲಿ ಕೂತಾಗ ಊರಿನ ನಕ್ಷೆಯ ಹಾಗೆ ಕಾಣುವ ಗಾಯದ ಗೆರೆಗಳು, ಹುಡುಗರು ಕೇಳಿದರೆ ಒಂದೊಂದನ್ನೂ ಬೆರಳಿಟ್ಟು ತೋರಿಸಿ, ಇದು ಚಿಕಾಗೋ, ಇದು ಗ್ರೀನ್ ಬೇ, ಇದು ನನ್ನ ಹೆಂಡತಿ ಬಾಗಿಲು ಹಾಕಿದ್ದು, ಎನ್ನುತ್ತಿದ್ದ. ದೊಡ್ಡ ಊರುಗಳು ಕೋಚಾಗಿ ಬಾ ಎಂದು ಕರೆದವು, ಹೋಗಲಿಲ್ಲ, ತನ್ನ ಅಪ್ಪ ಗಣಿಯಲ್ಲಿ ಕಬ್ಬಿಣ ತೋಡಿದ ಊರಿನ ಪುಟ್ಟ ಕಾಲೇಜಿಗೇ ಬಂದ, ಆಟಗಾರರ ಬಸ್ಸನ್ನೂ ತಾನೇ ಓಡಿಸುತ್ತಿದ್ದ, ಹಿಮಕ್ಕೆ ರಸ್ತೆ ಮುಚ್ಚಿದರೆ ಸಲಿಕೆ ಹಿಡಿದು ಮೊದಲು ಇಳಿಯುವವನೂ ತಾನೇ. ಮತ್ತೆ ಮೊಟ್ಟೆ, ಆ ಹಾಳು ಮೊಟ್ಟೆ, ಪ್ರತಿ ಸೋಮವಾರ ಮೆಸ್ಸಿನಿಂದ ಒಂದು ತಟ್ಟೆ ಮೊಟ್ಟೆ ತರಿಸಿ ಒಬ್ಬೊಬ್ಬನ ಕೈಕೆಳಗೂ ಒಂದೊಂದು ಇಡುತ್ತಿದ್ದ, ಬಗ್ಗಿ ನಿಂತುಕೊಳ್ಳಬೇಕು, ಓಟಕ್ಕೂ ಎಸೆತಕ್ಕೂ ಕೈ ಒಂದೇ ಥರ ಇರಬೇಕು, ಮೊಟ್ಟೆ ಒಡೆದರೆ ಎದುರಿನವನಿಗೆ ನೀನೇ ಹೇಳಿಕೊಟ್ಟೆ ಅಂತ ಅರ್ಥ, ಮೊದಲ ವಾರ ಡೇಲ್ ಹದಿನಾಲ್ಕು ಒಡೆದ, ಲೋ ಪ್ರುಸಾಕ್, ಇನ್ನೊಂದೆರಡು ಒಡಿಯೋ, ಎಲ್ಲರಿಗೂ ಆಮ್ಲೆಟ್ ಆಗುತ್ತೆ. ಕೈಗವಸು ಹಾಕಲು ಬಿಡುತ್ತಿರಲಿಲ್ಲ, ನೆಲ ಏನು ಹೇಳುತ್ತೆ ಅಂತ ಕೈಗೆ ಗೊತ್ತಾಗಬೇಕಲ್ಲೋ, ಇವತ್ತೂ ನೋಡು, ಸೊನ್ನೆಗಿಂತ ಕೆಳಗಿನ ಚಳಿ, ಅವನ ಮುಂಸಾಲಿನ ಐವರು ಹುಡುಗರದೂ ಬರಿಗೈ, ಅದಕ್ಕೇ ತಾನೆ ಗೆಣ್ಣು ಕಂಡದ್ದು.

ಕೋಚ್, ಏನಾದ್ರೂ ಹೇಳಿ, ಮುಂದಿನದಕ್ಕೆ ಏನು ಮಾಡೋಣ, ಕಿವಿಯ ಹೆಡ್‌ಫೋನಿನಲ್ಲಿ ಮಾರ್ಕಸ್, ಮೇಲಿನ ಗಾಜಿನ ಕೋಣೆಯಲ್ಲಿ ಕೂತಿರುವ ಸಹಾಯಕ, ಅವನಿಗೆ ಏನೂ ಗೊತ್ತಿಲ್ಲ, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಉಂಡ ಮನೆಯ ಜಂತಿ ಎಣಿಸಿದ ಹಾಗೆ ಆಗುತ್ತದೆ ಇದು, ಆದರೆ ಎಂಟು ವರ್ಷ, ಪ್ರತಿ ಸಲ ಪಂದ್ಯ ಮುಗಿದ ಮೇಲೆ ಆ ದೊಡ್ಡ ಕೈ ಹೆಗಲ ಮೇಲೆ ಬಿದ್ದು, ಚೆನ್ನಾಗಿ ಆಡ್ಸಿದೆ ಮಗನೆ, ಆ ಮಗನೆಯಲ್ಲಿರುವ ಕರುಣೆ, ಅದನ್ನು ನುಂಗುವುದು ಸೋಲು ನುಂಗುವುದಕ್ಕಿಂತ ಕಷ್ಟ — ಓಟ, ಎಂದ ಡೇಲ್, ಓಟ ಬರ್ತಾ ಇದೆ, ಎಡಕ್ಕೆ ಎಲ್ಲರನ್ನೂ ತಳ್ಳು. ಬಂತು ಓಟ, ಅಲ್ಲೇ ಹೂತುಹೋಯಿತು. ನಿಮಗೆ ಹೇಗೆ ಗೊತ್ತಾಯ್ತು ಕೋಚ್. ಗೊತ್ತಾಯ್ತು, ನೀನು ಸುಮ್ಮನೆ ನಾನು ಹೇಳಿದ್ದು ಮಾಡು. ಕೆಂಪು, ಎಸೆತ, ಮಧ್ಯದಲ್ಲೇ ಕಸಿದುಕೊಂಡರು, ಬಿಳಿ, ಓಟ, ಬಿಳಿ, ಕೆಂಪು, ಆಟದ ಅರ್ಧಕ್ಕೆ ಹದಿನೇಳು ಏಳು, ಡೇಲನವರು ಮುಂದೆ, ಜನ ಎದ್ದು ನಿಂತಿದ್ದಾರೆ, ಆಚೆ ಗೆರೆಯಲ್ಲಿ ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡ, ಅದನ್ನು ನೋಡಲಾಗದೆ ಡೇಲ್ ಬೂಟು ನೋಡಿಕೊಂಡ, ಸಂತೋಷವೇನೋ ಆಗಿತ್ತು, ಕದ್ದ ಹಣ್ಣು ತಿಂದಾಗ ಆಗುವಷ್ಟು. ಮೂರನೇ ಭಾಗದಲ್ಲಿ ಅವರ ಹುಡುಗನೊಬ್ಬ ಹೇಗೋ ಜಾರಿ ಓಡಿ ಹದಿನೇಳು ಹದಿನಾಲ್ಕು ಆಯಿತು, ಆಗಲಿ, ಈಗ ಉಳಿದಿರುವುದು ಒಂದೂವರೆ ನಿಮಿಷ, ಅವರಿಗಿದು ಕೊನೆಯ ಯತ್ನ, ಚೆಂಡು ತಮ್ಮಲ್ಲೇ ಉಳಿಯಲು ಇನ್ನೆರಡು ಗಜ ಮುಂದೆ ಹೋಗಬೇಕು, ತಡೆದರೆ ಮುಗಿಯಿತು, ಎಪ್ಪತ್ನಾಲ್ಕು ಬಗ್ಗಿದ, ಕೈ ಊರಿದ, ಡೇಲ್ ಕಣ್ಣು ಕಿರಿದು ಮಾಡಿದ, ಬಿಳಿ, ಸುಣ್ಣದ ಹಾಗೆ ಬಿಳಿ, ಓಟ ಮಾರ್ಕಸ್, ಎಲ್ಲರನ್ನೂ ಒಳಗೆ ಕಳಿಸು, ಹಿಂದೆ ಯಾರೂ ಬೇಡ, ಎಲ್ಲರೂ, ಕೋಚ್ ಹಿಂದೆ ಒಬ್ಬನಾದ್ರೂ, ಬೇಡ ಅಂದೆನಲ್ಲ, ಹನ್ನೊಂದು ಜನರೂ ನುಗ್ಗಿದರು, ಎಪ್ಪತ್ನಾಲ್ಕು ನುಗ್ಗಲಿಲ್ಲ. ಬೆಕ್ಕಿನ ಹಾಗೆ ಹಿಂದಕ್ಕೆ ಸರಿದ, ಅಷ್ಟು ದೊಡ್ಡ ದೇಹ ಹಾಗೆ ಹಗುರಾಗಿ ಸರಿಯಬಲ್ಲದೆಂದು ಡೇಲನಿಗೆ ಗೊತ್ತಿತ್ತು, ತಾನೂ ಒಂದು ಕಾಲದಲ್ಲಿ ಹಾಗೆ ಸರಿದವನೇ, ಚೆಂಡು ಎಲ್ಲರ ತಲೆಯ ಮೇಲೆ ಹಾರಿ ಖಾಲಿ ಬಿದ್ದಿದ್ದ ಮೈದಾನದಲ್ಲಿ ಒಬ್ಬಂಟಿಯಾಗಿ ಓಡುತ್ತಿದ್ದವನ ಕೈಗೆ ಇಳಿಯಿತು, ನಿಧಾನವಾಗಿ ಇಳಿಯಿತು, ಇಪ್ಪತ್ತೊಂದು ಹದಿನೇಳು.

ಪಂದ್ಯ ಮುಗಿದ ಮೇಲೆ ಇಬ್ಬರು ಕೋಚುಗಳೂ ನಡುಮೈದಾನಕ್ಕೆ ಬಂದು ಕೈಕುಲುಕಬೇಕು, ಪದ್ಧತಿ, ಮುದುಕ ಮಡಚಲಾಗದ ಕಾಲುಗಳನ್ನು ಎಳೆಯುತ್ತ ಬಂದ, ಗೆಣ್ಣು ಯಾವಾಗ ನೋಡಿದ್ಯೋ. ಮೊದಲ ಹತ್ತು ನಿಮಿಷದಲ್ಲೇ ಕೋಚ್. ಐದು ಅಂದ್ಕೊಂಡಿದ್ದೆ, ನಿನಗೂ ವಯಸ್ಸಾಯ್ತು. ಆ ಹುಡುಗನಿಗೆ ನಿಜವಾಗ್ಲೂ ಆ ಚಾಳಿ ಇತ್ತಾ. ಇತ್ತು, ಸೆಪ್ಟೆಂಬರಲ್ಲೇ ಬಿಡಿಸ್ದೆ, ಈ ವಾರ ಮತ್ತೆ ಹಚ್ಚಿಸ್ದೆ, ಬಿಡಿಸೋಕಿಂತ ಹಚ್ಚೋದೇ ಕಷ್ಟ ಆಯ್ತು ನೋಡು. ಕೊನೆಯ ಒಂದು ಎಸೆತಕ್ಕೋಸ್ಕರ ಇಡೀ ಪಂದ್ಯ ಏಟು ತಿಂದ್ರಾ, ಸೋತುಹೋಗಿದ್ರೆ. ಸೋಲ್ತಿದ್ದೆ, ಇನ್ನೇನು, ನೀನು ಗೆಲ್ತಿದ್ದೆ, ಅದೇನು ಅಷ್ಟು ಕೆಟ್ಟದ್ದಾ, ಮುದುಕ ನಗಲಿಲ್ಲ, ಬೇರೆ ಯಾರ ಮೇಲೂ ಇದು ನಡೀತಿರಲಿಲ್ಲ ಕಣೋ, ಎಲ್ಲರೂ ಚೆಂಡು ನೋಡ್ತಾರೆ, ಸಾಲಿನವನ ಕೈ ನೋಡೋನು ಈ ಸೀಮೆಗೇ ನೀನೊಬ್ಬನೇ. ಈ ಸಲ ಮಗನೆ ಎನ್ನಲಿಲ್ಲ, ಹೆಗಲ ಮೇಲೆ ಕೈ ಹಾಕಲಿಲ್ಲ, ಸರಿಸಮನಿಗೆ ಕೊಡುವ ಹಾಗೆ ಕೈ ಮುಂದೆ ಚಾಚಿ ಗಟ್ಟಿಯಾಗಿ ಹಿಡಿದು ಬಿಟ್ಟು, ತನ್ನ ಹುಡುಗರ ಕಡೆ ಹೊರಟುಹೋದ. ಜನ ಇಳಿಯುತ್ತಿದ್ದಾರೆ, ಮಾರ್ಕಸ್ ಕರೆಯುತ್ತಿದ್ದಾನೆ, ನೋರೀನ್ ಬೇಲಿಯ ಹತ್ತಿರ ನಿಂತಿರಬೇಕು, ಡೇಲ್ ಮಾತ್ರ ಆ ಕೊನೆಯ ಯತ್ನ ನಡೆದ ಜಾಗಕ್ಕೆ ನಡೆದ, ಸುತ್ತ ಎಲ್ಲ ತುಳಿದು ಕಲಸಿಹೋಗಿದೆ, ಎಪ್ಪತ್ನಾಲ್ಕು ಮಾತ್ರ ಹಿಂದಕ್ಕೆ ಸರಿದವನಲ್ಲವೇ, ಅವನಿದ್ದ ಕಡೆ ಅಂಗೈಯಗಲ ಹಿಮ ಹಾಗೇ ಉಳಿದಿದೆ, ಬಗ್ಗಿ ನೋಡಿದ, ಭಾರ ಹಾಕಿದ್ದರೆ ಕುಳಿ ಬೀಳಬೇಕಿತ್ತು, ಬಿದ್ದಿಲ್ಲ, ಮುಷ್ಟಿ ಬಿಗಿಹಿಡಿದು ಗೆಣ್ಣು ಬಿಳಿಚಿಸಿಕೊಂಡಿದ್ದಾನೆ ಅಷ್ಟೇ, ಕೈಕೆಳಗೆ ಮೊಟ್ಟೆ ಇಟ್ಟಿದ್ದರೂ ಒಡೆಯುತ್ತಿರಲಿಲ್ಲ, ಹಿಮದ ಮೇಲ್ಪದರವೂ ಬಿರಿದಿಲ್ಲ, ಹಕ್ಕಿ ಕೂತು ಎದ್ದುಹೋದಂತೆ ನಾಲ್ಕು ಗುರುತು, ಇನ್ನೊಂದು ಹೆಜ್ಜೆ ಇಟ್ಟರೆ ಇವನ ಬೂಟೇ ಅಳಿಸಿಬಿಡುತ್ತದೆ, ಕಾಲು ಎತ್ತಲಿಲ್ಲ, ನಾಲ್ಕು ಗುರುತು, ಬಿರಿಯದ ಹಿಮ, ನಾಲ್ಕು ಗುರುತು