ಗುಡ್ಡದ ಕೋಟೆಯ ಲೈನು

ಟ್ರಂಕಕ್ಕ ಬೆಳಿಗ್ಗೆ ಟೆಲಿಫೋನ್ ಎಕ್ಸ್‌ಚೇಂಜಿನ ಬಾಗಿಲು ತೆಗೆದಾಗ ಮೊದಲು ಕಂಡದ್ದು ಕಸದ ಬುಟ್ಟಿಯ ತುಂಬ ಬೂದಿ. ಆಮೇಲೆ ಸ್ವಿಚ್‌ಬೋರ್ಡಿನ ಕಡೆ ನೋಡಿದಳು. ಗೋಡೆಯಗಲದ ಆ ಬೋರ್ಡಿನಲ್ಲಿ ಇನ್ನೂರ ನಲವತ್ತು ತೂತುಗಳು. ಒಂದೊಂದರ ಕೆಳಗೂ ಅದು ಯಾವ ಊರಿನ ಲೈನು ಎಂದು ಬರೆದ ಚೀಟಿ ಇರುತ್ತಿತ್ತು. ಈಗ ಒಂದೂ ಉಳಿದಿರಲಿಲ್ಲ. ಮೇಲ್ವಿಚಾರಕಿ ದೊರೆಸಾನಿ ಎಲ್ಲವನ್ನೂ ಕೆರೆದು ತೆಗೆದು, ಲೈನುಗಳ ಪುಸ್ತಕದ ಜೊತೆಗೇ ಸುಟ್ಟು, ಕೈ ತೊಳೆದುಕೊಂಡು ಹಡಗು ಹತ್ತಿದ್ದಳು. ತಂತಿಗಳನ್ನು ಮಾತ್ರ ಮುಟ್ಟಿರಲಿಲ್ಲ. ಇವರಿಗೆಲ್ಲಿ ಅದರ ತಲೆಬುಡ ತಿಳಿಯುತ್ತದೆ ಎಂಬ ಧೈರ್ಯ ಇರಬೇಕು ಮಹಾರಾಯ್ತಿಗೆ.

ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ದೇಶಕ್ಕೆ ಸ್ವಾತಂತ್ರ್ಯ. ಎರಡು ವರ್ಷದಿಂದ ಸಾಮ್ರಾಜ್ಯ ಹಳೇ ಸ್ವೆಟರಿನಂತೆ ಬಿಚ್ಚಿಕೊಳ್ಳುತ್ತಲೇ ಇತ್ತು. ಮೊದಲು ಉತ್ತರದ ದ್ವೀಪಗಳು, ಆಮೇಲೆ ನದಿಯಾಚೆಯ ವಸಾಹತು, ಹೋದ ವರ್ಷ ಮರಳುಗಾಡಿನ ಮೂರು ಸೀಮೆಗಳು. ಒಂದೊಂದು ಸುದ್ದಿಯೂ ಇದೇ ಬೋರ್ಡಿನ ಮೇಲೆ ಹಾದುಹೋಗಿತ್ತು. ಇಪ್ಪತ್ತೆರಡು ವರ್ಷ ದೂರದೂರಿನ ಟ್ರಂಕ್ ಕಾಲ್ ಜೋಡಿಸಿ ಸ್ವಂತ ಹೆಸರನ್ನೇ ಕಳೆದುಕೊಂಡಿದ್ದ ಟ್ರಂಕಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಏನೂ ಕೇಳಿಸದವಳಂತೆ ಕೂತಿದ್ದಳು. ಕದ್ದು ಕೇಳಿದರೆ ಕೆಲಸ ಹೋಗುತ್ತದೆ ಎಂಬುದು ಅಲ್ಲಿನ ನಿಯಮ.

ಹನ್ನೊಂದು ಗಂಟೆಗೆ ಹೊಸ ಅಂಚೆ ತಂತಿ ಮಂತ್ರಿ ಓಡೋಡಿ ಬಂದರು. ಹೋದ ವಾರದವರೆಗೂ ಭೂಗೋಳದ ಪಾಠ ಹೇಳುತ್ತಿದ್ದ ಮೇಷ್ಟ್ರು. ಅಂಗಿಯ ತೋಳಿಗೆ ಸೀಮೆಸುಣ್ಣ ಇನ್ನೂ ಅಂಟಿಕೊಂಡೇ ಇತ್ತು.

"ಅಕ್ಕ, ಗುಡ್ಡದ ಕೋಟೆಗೆ ಲೈನು ಬೇಕು. ಈಗಲೇ ಬೇಕು."

ಆ ಕೋಟೆಯಲ್ಲಿ ಸಾಮ್ರಾಜ್ಯದ ಕೊನೆಯ ಪಡೆಯಿತ್ತು. ಗವರ್ನರ್ ದೊರೆ ಸ್ವತಃ ಹೇಳದ ಹೊರತು ಬಾಗಿಲು ತೆಗೆಯುವುದಿಲ್ಲ, ಹತ್ತಿರ ಬಂದವರಿಗೆ ಗುಂಡು ಎಂದು ದಳಪತಿ ಪಟ್ಟು ಹಿಡಿದಿದ್ದ. ಹನ್ನೆರಡು ಹೊಡೆದ ಕೂಡಲೇ ಕೋಟೆ ನಮ್ಮದು, ಒಳಗೆ ನುಗ್ಗುತ್ತೇವೆ ಎಂದು ಹೊರಗೆ ನಾಲ್ಕು ಸಾವಿರ ಜನ ಕೂತಿದ್ದರು. ಮುಂದಿನ ಸಾಲಿನಲ್ಲೇ ಟ್ರಂಕಕ್ಕನ ತಮ್ಮನಿದ್ದ. ಅವಳೇ ಎತ್ತಿ ಆಡಿಸಿ ಬೆಳೆಸಿದವನು, ರಸ್ತೆ ಕೆಲಸದ ಮೇಸ್ತ್ರಿ, ಹುಟ್ಟಾ ಮೊಂಡ.

"ದೊರೆ ಮಾತಾಡೋಕೆ ಒಪ್ಪಿದಾರೆ. ಬಂಗಲೆಯಲ್ಲಿ ಫೋನ್ ಹಿಡ್ಕೊಂಡು ಕೂತಿದಾರೆ," ಎಂದರು ಮೇಷ್ಟ್ರು. "ಕೋಟೆಯ ತೂತು ಯಾವುದು?"

"ಗೊತ್ತಿಲ್ಲ," ಎಂದಳು ಟ್ರಂಕಕ್ಕ.

ಸುಳ್ಳಲ್ಲ. ಇಪ್ಪತ್ತೆರಡು ವರ್ಷ ಅವಳು ಚೀಟಿ ಓದಿದವಳೇ ಅಲ್ಲ. ಊರಿನ ಹೆಸರು ಕಿವಿಗೆ ಬೀಳುವಷ್ಟರಲ್ಲಿ ಕೈ ಪ್ಲಗ್ ಚುಚ್ಚಿ ಮುಗಿಸಿರುತ್ತಿತ್ತು. ಈಗ ಯೋಚಿಸಿದರೆ ತಲೆ ಖಾಲಿ, ಬೆರಳು ಮರಗಟ್ಟಿದೆ. ಒಂದೊಂದನ್ನೇ ಹುಡುಕೋಣವೆಂದರೆ, ದೂರದ ಲೈನಿನಲ್ಲಿ ಗಂಟೆ ಬಾರಿಸಿ, ಯಾರಾದರೂ ಎತ್ತುವುದನ್ನು ಕಾದು, ಇನ್ನೂರ ನಲವತ್ತು ಮುಗಿಯುವಾಗ ನಡುರಾತ್ರಿಯಾಗುತ್ತದೆ. ಆದರೂ ಬಾರಿಸತೊಡಗಿದಳು. ಮೊದಲನೆಯದು ಉಪ್ಪಿನ ಕಾರ್ಖಾನೆ, ಎರಡನೆಯದು ಕುಷ್ಠರೋಗಿಗಳ ಆಸ್ಪತ್ರೆ. ಒಂಬತ್ತು ಲೈನು ಮುಗಿಯುವಷ್ಟರಲ್ಲಿ ಗಡಿಯಾರ ಹನ್ನೊಂದೂವರೆ ದಾಟಿತ್ತು.

"ಅಕ್ಕ, ನಿಲ್ಸು," ಎಂದಳು ಪಕ್ಕದ ಕುರ್ಚಿಯ ಕಿರಿಯ ಆಪರೇಟರ್. ಎಲ್ಲರೂ ಚುರುಕಿ ಎಂದೇ ಕರೆಯುತ್ತಿದ್ದ ಹುಡುಗಿ. "ನೀನು ಯೋಚನೆ ಮಾಡಿದ್ರೆ ಕೈ ಯೋಚನೆ ಮಾಡಲ್ಲ. ನಿಂಗೆ ಈಗ ಗಲಾಟೆ ಬೇಕು. ಮೇಷ್ಟ್ರೇ, ನಿಮ್ಮ ಗುಮಾಸ್ತರನ್ನೆಲ್ಲ ಕರೀರಿ."

ಐದು ನಿಮಿಷದಲ್ಲಿ ಏಳು ಗುಮಾಸ್ತರು ಸುತ್ತ ನಿಂತು ಸೋಮವಾರ ಬೆಳಗಿನ ಗಿರಾಕಿಗಳಂತೆ ಕೂಗಾಡತೊಡಗಿದರು. "ಬಂದರು ಕೊಡಿ!" "ಎಷ್ಟು ಹೊತ್ತು ಕಾಯೋದು, ರೈಲ್ವೆ ಕೊಡ್ರಿ!" "ಗಣಿ ಆಫೀಸು!" ಮೇಷ್ಟ್ರೂ ನಾಚಿಕೆ ಬಿಟ್ಟು "ಜಿಲ್ಲಾ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ!" ಎಂದು ಗಂಟಲು ಹರಿದುಕೊಂಡರು. ಟ್ರಂಕಕ್ಕ ಬೈದುಕೊಂಡೇ ಪ್ಲಗ್ ಹಿಡಿದಳು. ಬೈಯುತ್ತಾ ಬೈಯುತ್ತಾ ಕೈ ಸಡಿಲವಾಯಿತು. ಒಂದು, ಇನ್ನೊಂದು, ಎಡಕ್ಕೆ, ಮೇಲಕ್ಕೆ.

ಅದೇ ಗದ್ದಲದ ನಡುವೆ ಚುರುಕಿ ಮೂಗು ಹಿಡಿದುಕೊಂಡು, ದಿನಾ ಹತ್ತು ಗಂಟೆಗೆ ಕೋಟೆಗೆ ಫೋನ್ ಮಾಡುತ್ತಿದ್ದ ದಳಪತಿಯ ಹೆಂಡತಿಯ ದನಿ ತೆಗೆದಳು. ಅದೇ ರಾಗ, ಅದೇ ಬಿಂಕ. "ಏ ಹುಡುಗೀ, ನನ್ನ ಗಂಡನ್ನ ಕೊಡು. ನಿದ್ದೆ ಮಾಡ್ತಿದೀಯಾ?"

ಟ್ರಂಕಕ್ಕನ ಕೈ ತಾನಾಗಿ ಹೋಗಿ ಮೂರನೇ ಸಾಲಿನ ಬಲತುದಿಯಲ್ಲಿ ಪ್ಲಗ್ ಚುಚ್ಚಿತ್ತು. ಅವಳು ಗಂಟೆ ಬಾರಿಸಿದಳು. ಆ ಕಡೆ ಯಾರೋ ಎತ್ತಿ, ಪರದೇಶದ ಭಾಷೆಯಲ್ಲಿ ಒರಟಾಗಿ "ಕೋಟೆ," ಎಂದರು.

ದೊರೆ ಫೋನ್ ಎತ್ತಿ ಕೂತಿದ್ದರಿಂದ ಬಂಗಲೆಯ ತೂತಿನ ದೀಪ ಉರಿಯುತ್ತಲೇ ಇತ್ತು; ಅವಳು ಆ ಲೈನು ಜೋಡಿಸಿದಳು. ಈ ಸಲ ಕೇಳಿಸದವಳಂತೆ ಕೂರಲಿಲ್ಲ.

ದೊರೆ ಹೇಳಿದ್ದು ಮೂರೇ ಮಾತು. ಬಾವುಟ ಇಳಿಸಿ, ಬಾಗಿಲು ತೆಗೆಯಿರಿ, ಬನ್ನಿ. "ಎಲ್ಲರೂನಾ?" ಎಂದ ದಳಪತಿ. "ಎಲ್ಲರೂ," ಎಂದರು ದೊರೆ, ತುಂಬ ದಣಿದವರಂತೆ. ಇನ್ನೂರು ವರ್ಷದ ಆಳ್ವಿಕೆ, ಟ್ರಂಕಕ್ಕನ ಅಜ್ಜನನ್ನು ಜೈಲಿಗೆ ಹಾಕಿದ್ದು, ಅವಳಪ್ಪ ತಲೆ ತಗ್ಗಿಸಿ ಬಾಳಿದ್ದು, ಎಲ್ಲವೂ ಅವಳ ಕೈಯಲ್ಲಿದ್ದ ಬೆರಳುಗಾತ್ರದ ಒಂದು ತಂತಿಯೊಳಗೆ ಹಾದು ಮುಗಿದುಹೋಗಿತ್ತು. ಇಷ್ಟು ದೊಡ್ಡದು ಇಷ್ಟು ಸಣ್ಣ ಸದ್ದು ಮಾಡುತ್ತದೆಂದು ಅವಳು ಎಣಿಸಿರಲಿಲ್ಲ.

ದಳಪತಿ ಫೋನನ್ನು ಮೇಜಿನ ಮೇಲೆ ಹಾಗೇ ಇಟ್ಟು ಹೋದ. ಲೈನು ತೆರೆದೇ ಇತ್ತು. ಬೂಟುಗಳ ಸದ್ದು ಬಂತು, ಬಹಳ ಹೊತ್ತು ಬಂತು. ಕಬ್ಬಿಣದ ಬಾಗಿಲು ಕಿರುಗುಟ್ಟಿತು. ಆಮೇಲೆ ಏನೂ ಇಲ್ಲ. ನಾಲ್ಕು ಸಾವಿರ ಜನ ನಿಂತಲ್ಲಿ ಒಂದು ಕೆಮ್ಮೂ ಇಲ್ಲ. ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು. ಟ್ರಂಕಕ್ಕ ಜೀವ ಕೈಯಲ್ಲಿ ಹಿಡಿದುಕೊಂಡು ಗುಂಡಿನ ಸದ್ದಿಗೆ ಕಾದಳು.

ಯಾರೋ ಫೋನ್ ಎತ್ತಿಕೊಂಡರು.

"ಯಾರದು ಇದರೊಳಗೆ?" ಮುದುಕಿಯೊಬ್ಬಳು ಕಿರುಚಿದಳು. ಫೋನನ್ನು ಮೊದಲ ಸಲ ಹಿಡಿದವರು ಕಿರುಚುವುದೇ ಹಾಗೆ.

"ಅಜ್ಜೀ, ಗುಂಡು ಹಾರಿತಾ? ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಏನೂ ಆಗಿಲ್ಲ ಕಣೇ. ಸಾಲಾಗಿ ಬಂದ್ರು, ಸಾಲಾಗಿ ಹೋದ್ರು. ನಾವು ದಾರಿ ಬಿಟ್ಟು ನಿಂತ್ವಿ. ಯಾರ ಬಾಯಲ್ಲೂ ಮಾತೇ ಹೊರಡ್ಲಿಲ್ಲ. ಇಷ್ಟು ಜನ ಸುಮ್ನಿದ್ದಿದ್ದು ನನ್ನ ಜನ್ಮದಲ್ಲೇ ನೋಡಿಲ್ಲ."

"ಮುಂದಿನ ಸಾಲಲ್ಲಿ ಒಬ್ಬ ಉದ್ದನೆಯ ಮೇಸ್ತ್ರಿ..."

"ಆ ಮೊಂಡನಾ? ಕೋಟೆ ಬಾಗಿಲ ಮೇಲೆ ಹತ್ತಿ ಕೂತು ಅಳ್ತಿದಾನೆ. ಇಳಿಯೋ ಅಂದ್ರೆ ಇಳೀತಿಲ್ಲ. ಅದಿರ್ಲಿ, ನೀನ್ಯಾರೇ? ಸರ್ಕಾರದವಳಾ?"

"ಹೌದಜ್ಜಿ," ಎಂದಳು. "ಇವತ್ತಿಂದ ನೀವೂ ಸರ್ಕಾರದವರೇ."

ಅಜ್ಜಿ, ಈ ಸಲ ಕಿರುಚದೆ, ಮೆಲ್ಲಗೆ ಕೇಳಿದಳು: "ಹಾಗಾದ್ರೆ ಮೊದ್ಲು ಏನು ಮಾಡ್ಬೇಕು ನಾವು?"

ಟ್ರಂಕಕ್ಕ ತಿರುಗಿ ಮಂತ್ರಿಗಳ ಮುಖ ನೋಡಿದಳು. ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

"ಮೊದ್ಲು ನನ್ನ ತಮ್ಮನ್ನ ಕೆಳಗಿಳಿಸಿ, ಅಜ್ಜಿ," ಎಂದಳು.