ಚಿಕ್ಕಬೈರಪ್ಪ ಬಾಯಿ ಬಿಡದೆ ನಡೆದದ್ದು

ಎರಡು ಸಾವಿರದ ಮೂರನೇ ಇಸವಿ, ಮಾಗಿಯ ಚಳಿ, ಬೆಳಗಿನ ಐದೂವರೆ. ಬನಶಂಕರಿ ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತು ಜನ ಮಫ್ಲರ್ ಸುತ್ತಿಕೊಂಡು ನಿಂತಿದ್ದರು. ಅವರ ನಡುವೆ ಬರಿಗಾಲಲ್ಲಿ, ತುಟಿ ಬಿಗಿದುಕೊಂಡು ನಿಂತಿದ್ದವನು ಚಿಕ್ಕಬೈರಪ್ಪ ಒಬ್ಬನೇ. ಇಪ್ಪತ್ತೆಂಟು ವರ್ಷ ಫೈರ್ ಎಂಜಿನ್ ಓಡಿಸಿ ರಿಟೈರ್ ಆದವನು. ಓಡಿಸಿದ್ದೇ ಹೊರತು ನಡೆದವನಲ್ಲ. ಬೀದಿ ತುದಿಯ ಹಾಲಿನ ಬೂತಿಗೂ ಸ್ಕೂಟರೇ ಬೇಕು ಅಂತ ಹೆಂಡತಿ ಸೊಣ್ಣಮ್ಮ ಊರಿಗೆಲ್ಲ ಹೇಳಿದ್ದಳು.

ನಡಿಗೆ ಕನಕಪುರದವರೆಗೆ, ಎರಡು ದಿನ. ಬೆಂಕಿ ಆರಿಸುವವರು, ಆಂಬುಲೆನ್ಸ್ ಓಡಿಸುವವರು ಕಂಡದ್ದನ್ನೆಲ್ಲ ಒಳಗೇ ಇಟ್ಟುಕೊಂಡು ಕೊರಗುತ್ತಾರೆ, ಅವರು ಕೂತು ಮಾತಾಡಲು ಜಯನಗರದಲ್ಲಿ ಒಂದು ಕೋಣೆ, ಒಬ್ಬ ಡಾಕ್ಟರು ಬೇಕು ಅಂತ ಪ್ರಕೃತಿ ಎಂಬಾಕೆ ಈ ಏರ್ಪಾಟು ಮಾಡಿದ್ದಳು. ನಡೆಯುವವರ ಪರಿಚಯದವರು ಅದಕ್ಕೆ ಕೈಲಾದ್ದು ಕೊಡುವುದು.

ಚಿಕ್ಕಬೈರಪ್ಪ ಒಪ್ಪಿದ್ದು ಯಲ್ಲಪ್ಪನಿಗೋಸ್ಕರ. ಅವನ ಎಂಜಿನ್ನಿನಲ್ಲೇ ಹತ್ತು ವರ್ಷ ಕೂತು ಬಂದ ಫೈರ್‌ಮನ್. ಬೊಮ್ಮನಹಳ್ಳಿಯ ಬಟ್ಟೆ ಗೋಡೌನೊಂದಕ್ಕೆ ಬೆಂಕಿ ಬಿದ್ದು ಒಳಗಿದ್ದ ವಾಚ್‌ಮನ್ ತೀರಿಕೊಂಡ ಮೇಲೆ ಯಲ್ಲಪ್ಪ ಸ್ಟೇಷನ್ನಿನ ಬೆಲ್ ಹೊಡೆದರೆ ಎಂಜಿನ್ ಹತ್ತದೆ ನಿಂತುಬಿಡುತ್ತಿದ್ದ. ಡಾಕ್ಟರ ಹತ್ತಿರ ಹೋಗು ಅಂದರೆ ನನಗೇನು ಹುಚ್ಚಾ ಅಂತಿದ್ದ. ಕೆಲಸ ಬಿಡುವ ಅರ್ಜಿ ಬರೆದಿಟ್ಟಿದ್ದ. ಎರಡು ದಿನ ಜೊತೆಗೆ ನಡೆಸಿ, ಮಾತಾಡಿಸಿ, ಅವನನ್ನು ಡಾಕ್ಟರ ಬಾಗಿಲಿಗೆ ಮುಟ್ಟಿಸಬೇಕು ಅಂತ ಚಿಕ್ಕಬೈರಪ್ಪನ ಲೆಕ್ಕ.

ಆದರೆ ಅವನಿಗೆ ಗೊತ್ತಿದ್ದ ದೂರದ ನಡಿಗೆ ಒಂದೇ, ಅವನಪ್ಪ ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ಹೋದದ್ದು. ಅಪ್ಪ ಬರಿಗಾಲಲ್ಲಿ, ಬಾಯಿ ಬಿಡದೆ ನಡೆದಿದ್ದ. ಹಾಗಾಗಿ ಹಿಂದಿನ ಸಂಜೆ ದೇವರ ಪಟದ ಮುಂದೆ ನಿಂತು, ಕನಕಪುರ ಮುಟ್ಟುವವರೆಗೆ ಬರಿಗಾಲು, ಮೌನ ಎಂದು ಹರಕೆ ಕಟ್ಟಿಕೊಂಡುಬಿಟ್ಟ. ಒಬ್ಬನನ್ನು ಮಾತಾಡಿಸಲು ಹೊರಟವನು ತನ್ನ ಬಾಯಿಗೇ ಬೀಗ ಹಾಕಿಕೊಂಡೆನಲ್ಲ ಅಂತ ಹೊಳೆದದ್ದು ಕರ್ಪೂರ ಆರಿದ ಮೇಲೆ.

ಪ್ರಕೃತಿ ಎಲ್ಲರಿಗೂ ಟೀ ಶರ್ಟ್ ಹಂಚಿದಳು. ಚಿಕ್ಕಬೈರಪ್ಪ ಓದಿದ್ದು ಮೂರನೇ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿ ಎದೆಯ ಮೇಲಿದ್ದುದನ್ನು ಓದಿದ: ‘ಬಾಯಿ ಬಿಟ್ಟು ಮಾತಾಡಿ.’ ಬೇರೆ ಬರಹದ್ದು ಇದೆಯಾ ಅಂತ ಕೇಳಲೂ ಬಾಯಿ ಬಿಡುವಂತಿರಲಿಲ್ಲ.

ಕಳಿಸಲು ಬಂದಿದ್ದ ಸೊಣ್ಣಮ್ಮ ಹರಕೆಯ ವಿಷಯ ಬಿಡಿಸಿ ಹೇಳಿದಳು. ಪ್ರಕೃತಿ ನಗು ತಡೆದುಕೊಂಡು, “ಅಂಕಲ್, ಮಾತಾಡ್ಲಿ ಅಂತಾನೇ ಅಲ್ವಾ ನಾವು ನಡೀತಿರೋದು?” ಅಂದಳು. ಚಿಕ್ಕಬೈರಪ್ಪ ಆಕಾಶಕ್ಕೆ ಕೈಮುಗಿದು ತೋರಿಸಿದ, ಕೇಸು ಮೇಲಿನವನ ಹತ್ತಿರ ಇದೆ ಎನ್ನುವ ಹಾಗೆ.

ತಲಘಟ್ಟಪುರ ದಾಟುವಷ್ಟರಲ್ಲಿ ಅಂಗಾಲಲ್ಲಿ, ಕಾಲ್ಬೆರಳಲ್ಲಿ ಬೊಬ್ಬೆ. ಕಗ್ಗಲೀಪುರದಲ್ಲಿ ಒಬ್ಬ ಮುದುಕಿ ಯಾರೋ ಸ್ವಾಮಿಗಳು ಅಂದುಕೊಂಡು ಕಾಲು ಮುಟ್ಟಿ ನಮಸ್ಕರಿಸಿ ಎರಡು ಬಾಳೆಹಣ್ಣು ಕೊಟ್ಟಳು. ಅವಳು ಮುಟ್ಟಿದ್ದು ಬೆರಳಿನ ಬೊಬ್ಬೆಯ ಮೇಲೆ. ಕಣ್ಣಲ್ಲಿ ನೀರು ಬಂತು. ಅದನ್ನೂ ಭಕ್ತಿ ಅಂದುಕೊಂಡಳು. ಚಿಕ್ಕಬೈರಪ್ಪನಿಗೆ ನೋವಿನ ಜೊತೆ ಸ್ವಲ್ಪ ಜಂಬವೂ ಬಂತು ಅನ್ನುವುದನ್ನು ಮುಚ್ಚಿಡುವುದು ಯಾಕೆ.

ಮಧ್ಯಾಹ್ನ ಉಳಿದವರು ಮುಂದೆ ಹೋದರು. ಯಲ್ಲಪ್ಪ ಮಾತ್ರ ಅವನ ಕುಂಟು ನಡಿಗೆಗೆ ಹೆಜ್ಜೆ ಹೊಂದಿಸಿಕೊಂಡು ಬಂದ. ಎದುರಿನವನು ಬುದ್ಧಿ ಹೇಳುವ ಭಯ ಇಲ್ಲದ್ದರಿಂದಲೋ ಏನೋ, ಮೊದಲು ಮನೆಯ ವಿಷಯ ಎತ್ತಿದ, ಆಮೇಲೆ ನಿದ್ದೆ ಬಾರದ ವಿಷಯ. ಕೊನೆಗೆ ನಿಂತ.

“ಅವತ್ತು ಗೋಡೌನ್ ಶಟರ್ ಹಿಂದೆ ಯಾರೋ ಬಡೀತಿದ್ರಣ್ಣ. ನಿನ್ನ ಕೇಳಿದ್ರೆ, ಎಂಜಿನ್ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ ಅಂದೆ. ಹಂಗಾದ್ರೆ ನಂಗೇ ತಲೆ ಕೆಟ್ಟಿರೋದಾ?”

ಚಿಕ್ಕಬೈರಪ್ಪ ರಸ್ತೆ ನೋಡಿದ. ಹರಕೆ ಅಡ್ಡ ಇತ್ತು. ಅವಿತುಕೊಳ್ಳಲು ದೇವರಿಗಿಂತ ಒಳ್ಳೆಯ ಮರೆ ಯಾರಿಗೆ ಸಿಕ್ಕೀತು? ಇಪ್ಪತ್ತು ಹೆಜ್ಜೆ ಹಾಗೇ ನಡೆದ. ಪಕ್ಕದ ಹೆಜ್ಜೆ ಸದ್ದು ನಿಂತಿತ್ತು. ಹಿಂದಿರುಗಿ ನೋಡಿದರೆ ಯಲ್ಲಪ್ಪ ರಸ್ತೆ ದಾಟಿ, ಬೆಂಗಳೂರಿನ ಕಡೆ ಹೋಗುವ ಬಸ್ಸಿಗೆ ಕೈ ಎತ್ತುತ್ತಿದ್ದ.

“ಕೇಳಿಸ್ತು ಕಣೋ,” ಅಂತ ಕೂಗಿದ ಚಿಕ್ಕಬೈರಪ್ಪ. ಬೆಳಗಿನಿಂದ ಮುಚ್ಚಿದ್ದ ಗಂಟಲು, ದನಿ ಕೀಚಲಾಗಿ ಬಂತು. “ನಂಗೂ ಕೇಳಿಸ್ತು. ಒಪ್ಕೊಳ್ಳೋಕೆ ಭಯ ಆಗಿ ಸುಳ್ಳು ಹೇಳ್ದೆ. ಇವತ್ತಿಗೂ ಮಲಗಿದ್ರೆ ಕೇಳ್ತದೆ.”

ಬಸ್ಸು ನಿಂತಿತು, ಕಂಡಕ್ಟರ್ ಬೈದ, ಬಸ್ಸು ಹೋಯಿತು. ಯಲ್ಲಪ್ಪ ಅಲ್ಲೇ ಮಣ್ಣಿನಲ್ಲಿ ಕುಕ್ಕರುಬಡಿದು ಕೂತು ಮುಖ ಮುಚ್ಚಿಕೊಂಡ.

“ಹರಕೆ ಮುರಿದ್ಯಲ್ಲಣ್ಣ,” ಅಂದ ಆಮೇಲೆ.

“ಮಾದಪ್ಪನ ಹತ್ರ ನಾನು ಮಾತಾಡ್ಕೋತೀನಿ. ನೀನು ಡಾಕ್ಟ್ರ ಹತ್ರ ಮಾತಾಡು.”

“ನೀನೂ ಬಂದ್ರೆ.”

ಹಾರೋಹಳ್ಳಿಯಲ್ಲಿ ಚಿಕ್ಕಬೈರಪ್ಪನ ಕಾಲು ನೋಡಿದ ಪ್ರಕೃತಿ ಅವನನ್ನು ಊಟದ ಪಾತ್ರೆಗಳ ಜೊತೆ ಟೆಂಪೋ ಹತ್ತಿಸಿದಳು. ಮಾರನೆಯ ದಿನ ಕನಕಪುರಕ್ಕೆ ನಡೆದು ಮುಟ್ಟಿದವನು ಯಲ್ಲಪ್ಪ.

ಜಯನಗರದ ಕೋಣೆಗೆ ಇಬ್ಬರೂ ವಾರವಾರವೂ ಹೋದರು. ಜೊತೆಗೆ ಬಂದವನು ಅಷ್ಟೆ ಅಂತ ಚಿಕ್ಕಬೈರಪ್ಪ ಎಲ್ಲರಿಗೂ ಹೇಳುತ್ತಿದ್ದ. ಕೊನೆಗೆ ಡಾಕ್ಟರು ಯಲ್ಲಪ್ಪನಿಗೆ ಇನ್ನು ಬರುವುದು ಬೇಡ ಅಂದರು. ಜೊತೆಗೆ ಬಂದವನನ್ನು ಮುಂದಿನ ವಾರವೂ ಬರಲು ಹೇಳಿದರು. ಯಲ್ಲಪ್ಪ ಅಲ್ಲಿಂದಲೇ ಡ್ಯೂಟಿಗೆ ಹೊರಟುಹೋದ. ಅವತ್ತು ಗುರುವಾರ, ಯುಗಾದಿಯ ಮಾರನೆಯ ದಿನ.